ಅಬೇದಾಬಿ ಹೊಲಿದ ಕೌದಿ

ಕಾಲ ಮೇಲೆ ನಡೆದುಕೊಂಡು ಹೋದಾಕೆ ಚಾದರ ಹೊದ್ದು ಮಲಗಿಕೊಂಡು ಬಂದಳು. ಅಬೇದಾಬಿಯ ಸಾವನ್ನು ತಳಕಲ್ಲಿನ ಜನ ಈ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಮುಗಿಸಿದ ಮೇಲೂ ಎದ್ದು ಹೋಗದೆ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಹಾಸಿಗೆ ಹಿಡಿದವರು ಸತ್ತರೆ ಆ ಸಾವಿಗೊಂದು ದಾರಿ ಇರುತ್ತದೆ, ಅದು ದಿನಾ ಒಂದೊಂದು ಹೆಜ್ಜೆ ಬರುವುದನ್ನು ಓಣಿಯವರೆಲ್ಲ ನೋಡಿರುತ್ತಾರೆ. ಇದು ಹಾಗಲ್ಲ. ಪಿತ್ತಕೋಶದಲ್ಲಿ ಹರಳಿದೆ, ತೆಗೆಸಿದರೆ ಒಳ್ಳೆಯದು, ಅವಸರವೇನಿಲ್ಲ ಎಂದು ಕೊಪ್ಪಳದ ಡಾಕ್ಟರೇ ಹೇಳಿದ್ದರು. ರಂಜಾನ್ ಮುಗಿಯಲಿ ಎಂದು ಅಬೇದಾಬಿ ತಾನೇ ದಿನ ಮುಂದೆ ಹಾಕಿದ್ದಳು.

ಹೋಗುವ ದಿನ ಬೆಳಿಗ್ಗೆ ಕೋಳಿಗಳ ಬುಟ್ಟಿ ಎತ್ತಿ, ಅಂಗಳ ಗುಡಿಸಿ, ಪಕ್ಕದ ಶೇಖರಮ್ಮನ ಬಾಗಿಲಿಗೆ ಬಂದು ನಿಂತಿದ್ದಳು.

"ಶೇಖರಕ್ಕಾ, ನಾ ಬರೋತನಕ ನನ್ನ ಕೋಳಿಗೆ ಒಂದ್ಹಿಡಿ ನುಚ್ಚು ಹಾಕು. ಬಂದ ಮ್ಯಾಲ ತತ್ತಿ ಕೊಡ್ತೀನಿ."

"ಲಿಂಗ ಕಟ್ಟಿಕೊಂಡಾಕಿ ನಾ, ನಿನ್ನ ತತ್ತಿ ತಗೊಂಡು ಏನ್ಮಾಡ್ಲಿ?"

"ಅವನ್ನ ಮಾರಿ ಬಳಿ ಇಡಿಸ್ಕೋ. ಮುದುಕಿ ಆದ್ರೂ ಕೈ ತುಂಬ ಬಳಿ ಬೇಕಲ್ಲ ನಿನಗ."

ಹಾಗೆ ಕುಲುಕುಲು ನಗುತ್ತ ಬಸ್ಸಿಗೆ ಹೋದವಳು ಅವಳು. ಕೈಯಲ್ಲಿ ಚೀಲ, ಹಿಂದೆ ಮಗಳು ಜಾಸ್ಮೀನ, ಮುಂದೆ ಗಂಡ ಜಿಲಾನಿ. ಮೂರನೆಯ ದಿನ ಸೂರ್ಯ ಹುಟ್ಟುವ ಮೊದಲೇ ಅವಳ ಹೆಣ ಬಂತು. ಕೋಳಿಗಳು ಮಾತ್ರ ಇವತ್ತಿಗೂ ಬುಟ್ಟಿ ಬಿಟ್ಟ ಕೂಡಲೇ ಶೇಖರಮ್ಮನ ಹೊಸ್ತಿಲಿಗೇ ಬರುತ್ತವೆ.

ಇದಾಗಿ ಮಳೆಗಾಲ ಕಳೆದಿತ್ತು. ಒಂದು ದಿನ ಗಂಗಾವತಿಯಿಂದ ಶೇಖರಮ್ಮನ ಮಗಳು ಲಲಿತಾಳ ಫೋನು ಬಂತು. ಲಲಿತಾಳ ಗರ್ಭಕೋಶದಲ್ಲಿ ಗಡ್ಡೆ ಬೆಳೆದು ವರ್ಷವಾಗಿತ್ತು. ತಿಂಗಳು ತಿಂಗಳು ರಕ್ತ ಹೋಗಿ ಹೋಗಿ ಮುಖ ಸುಣ್ಣದ ಗೋಡೆಯಂತಾಗಿತ್ತು.

"ಯವ್ವಾ, ಸೋಮವಾರ ಆಪರೇಷನ್ ಗೊತ್ತಾತು."

"ಎಲ್ಲಿ?"

ಲಲಿತಾ ದನಿ ತಗ್ಗಿಸಿದಳು.

"ಕೊಪ್ಪಳದಾಗ. ಅದ ದವಾಖಾನಿ, ಯವ್ವಾ. ಇಲ್ಲಿ ಡಾಕ್ಟ್ರು ಅಲ್ಲೇ ಹೋಗ್ರಿ, ಅವರ ಕೈ ಛಲೋ ಐತಿ ಅಂದ್ರು."

ಮೊದಲಿನಿಂದಲೂ ಶೇಖರಮ್ಮನ ಮಾತು ಕಡಿಮೆ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಓದಿದ್ದು ನೆನಪಿಲ್ಲ, ಕಂಡದ್ದು ಕೇಳಿದ್ದು ಯಾವುದೂ ಮರೆತಿಲ್ಲ. ಫೋನು ಇಟ್ಟು, ಕೋಳಿಗಳಿಗೆ ನುಚ್ಚು ಚೆಲ್ಲಿ, ಸೆರಗು ಹೊದ್ದು ನೇರ ಜಿಲಾನಿಯ ಮನೆಗೆ ಹೋದಳು.

ಜಿಲಾನಿ ಗಾದಿ ಮಾಡುವವನು. ಅರಳೆ ತುಂಬಿದ ಗಾದಿಯ ಮೇಲೆ ಕೂತು ದಬ್ಬಳದಿಂದ ಹೊಲಿಗೆ ಹಾಕುತ್ತಿದ್ದ. ವಿಷಯ ಕೇಳಿದವನೇ ದಬ್ಬಳವನ್ನು ಗಾದಿಗೆ ಚುಚ್ಚಿ ಬಿಟ್ಟ.

"ಊರಾಗ ದವಾಖಾನಿ ಸತ್ತು ಹೋಗ್ಯಾವೇನಕ್ಕಾ? ಕುಷ್ಟಗಿಯಾಗಿಲ್ಲ? ಗಂಗಾವತಿಯಾಗಿಲ್ಲ? ಅಲ್ಲಿಗೇ ಯಾಕ?"

"ಗೊತ್ತು ಮಾಡಿಬಿಟ್ಟಾರ. ಮಗಳು ಗಂಡನ ಮನ್ಯಾಕಿ, ನನ್ನ ಮಾತು ಎಷ್ಟು ನಡೀತೈತಿ? ನೀ ನನಗ ಒಂದು ಹೇಳು. ಅಲ್ಲಿ ಏನಾತು?"

"ಅದನ್ನ ನಾನೂ ಕೇಳಾಕ ಹತ್ತೀನಿ! ಯಾರು ಹೇಳ್ತಾರ? ಹಿಂದಿನ ದಿನ ಆಪರೇಷನ್ ಆತು, ಸಂಜೀಕೆ ಆರಾಮ ಇದ್ಲು. ನರ್ಸ್ ಬಂದು ನೋಡಿ ಹೋಗ್ಯಾಳ. ಬೆಳಕಾಗೂದ್ರೊಳಗ ಹೃದಯ ನಿಂತೈತಿ ಅಂದ್ರು. ನಿಂತಿರೋ ಹೃದಯಕ್ಕ ಕೊನೀಗೊಂದು ಸೂಜಿ ಮಾಡಿದ್ರು ನೋಡು, ಅದು ಯಾವ ಸೂಜಿ? ಕೇಳಿದ್ರ ಡಾಕ್ಟರ್ ಮಾರಿ ತಿರುವಿದ. ಏನೋ ಮುಚ್ಚಿಟ್ಟಾರಕ್ಕಾ. ಮುಚ್ಚಿಡೂದಿಲ್ಲದಿದ್ರ ಮಾರಿ ಯಾಕ ತಿರುವಬೇಕು?"

ಒಳಬಾಗಿಲಲ್ಲಿ ಜಾಸ್ಮೀನ ನಿಂತಿದ್ದಳು. ಏನೋ ಹೇಳುವವಳಂತೆ ಬಾಯಿ ತೆರೆದಳು. ಅಪ್ಪ "ಚಹಾ ಇಡು ಹೋಗು" ಎಂದ. ಅವಳು ಒಳಗೆ ಹೋದಳು.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತಿತ್ತು. ಚಹಾದ ಅಂಗಡಿಯ ದುರಗಪ್ಪ ಎಲ್ಲ ತಪ್ಪನ್ನೂ ಎಚ್ಚರ ತಪ್ಪಿಸುವ ಡಾಕ್ಟರನ ಮೇಲೆ ಹಾಕುತ್ತಿದ್ದ. "ಆ ಮನುಷ್ಯಾ ಕೊಪ್ಪಳಕ್ಕೂ ಅವನ, ಕುಷ್ಟಗಿಗೂ ಅವನ, ಯಲಬುರ್ಗಿಗೂ ಅವನ. ಮೋಟಾರ್ ಸೈಕಲ್ ಮ್ಯಾಲ ಬರ್ತಾನ, ಸೂಜಿ ಹಾಕ್ತಾನ, ಹೋಗ್ತಾನ. ಮಲಗಿಸಿದಾಂವ ಎಬ್ಬಿಸಾಕ ಇರಬೇಕೋ ಬ್ಯಾಡೋ?" ಇನ್ನೊಬ್ಬರು ಔಷಧಿ ಹಳೆಯದು ಅನ್ನುತ್ತಿದ್ದರು, ಮತ್ತೊಬ್ಬರು ಸಲಾಯಿನ್ ಬಾಟಲಿ ಅನ್ನುತ್ತಿದ್ದರು. ಶೇಖರಮ್ಮ ಎಲ್ಲವನ್ನೂ ಕೇಳಿ ಒಂದೊಂದನ್ನೂ ಸೆರಗಿಗೆ ಗಂಟು ಹಾಕಿಕೊಂಡಳು. ಸೂಜಿ, ಬಾಟಲಿ, ಮೋಟಾರ್ ಸೈಕಲ್ಲಿನ ಡಾಕ್ಟರು. ಈ ಮೂರರ ಮೇಲೆ ಕಣ್ಣಿಟ್ಟರೆ ಮಗಳು ಉಳಿದಾಳು ಅನ್ನಿಸಿತು.

ಭಾನುವಾರ ಕೊಪ್ಪಳಕ್ಕೆ ಹೊರಟಾಗ ಪೆಟ್ಟಿಗೆಯಿಂದ ಒಂದು ಕೌದಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಹಳೆಯ ಸೀರೆಗಳ ತುಂಡು ಜೋಡಿಸಿ, ಅಂಚಿಗೆ ಕೆಂಪು ಬಟ್ಟೆಯ ಮುಕ್ಕೋನದ ಹಲ್ಲು ಕೂರಿಸಿ, ಲಲಿತಾಳ ಮದುವೆಗೆಂದು ಅಬೇದಾಬಿಯೇ ಹೊಲಿದು ಕೊಟ್ಟದ್ದು. ದವಾಖಾನೆಯ ಹೊದಿಕೆ ಯಾರು ಯಾರು ಹೊದ್ದದ್ದೋ ಏನೋ, ಮನೆಯ ಕೌದಿ ಇಲ್ಲದೆ ನಮ್ಮ ಕಡೆಯ ರೋಗಿ ಮಂಚ ಹತ್ತುವುದಿಲ್ಲ.

ದವಾಖಾನೆ ಮೂರು ಅಂತಸ್ತಿನದು. ಮುಂದೆ ಗಾಜು, ಹಿಂದೆ ಬರೀ ಸಿಮೆಂಟು. ಒಳಗೆ ಕಾಲಿಟ್ಟದ್ದೇ ಶೇಖರಮ್ಮನ ಕಣ್ಣು ಕೆಲಸ ಶುರು ಮಾಡಿತು. ಕಸ ಹೊಡೆಯುವವಳು ಕೈತೊಳೆದಳೋ ಇಲ್ಲವೋ, ಬಾಟಲಿಯ ಮುಚ್ಚಳ ಮೊದಲೇ ತೆರೆದಿತ್ತೋ ಈಗ ತೆರೆದರೋ, ಎಲ್ಲ ನೋಡಿದಳು. ಅಳಿಯ ಕೊಟ್ರೇಶ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಎಷ್ಟು ತೊಳೆದರೂ ಅಂಗಿಯ ಹೊಲಿಗೆಯಲ್ಲಿ ತೌಡಿನ ಪುಡಿ ಉಳಿಯುತ್ತಿತ್ತು. ಅವನಿಗೆ ಅತ್ತೆಯ ನೋಟ ನೋಡಿ ನಗು ಬಂತು.

"ಅತ್ತಿ, ನೀವು ಮಗಳ ಸೇವಾಕ ಬಂದೀರೋ, ಪೊಲೀಸ್ ತಪಾಸಣಿಗೆ ಬಂದೀರೋ?"

"ಎರಡಕ್ಕೂ ಬಂದೀನಪ್ಪ."

ನರ್ಸಿನ ಹೆಸರು ಶಿವಲೀಲಾ. ಯಲಬುರ್ಗಿಯ ಕಡೆಯವಳು. ತೆಳ್ಳಗೆ, ಚುರುಕು, ನಡೆದರೆ ಓಡಿದಂತೆ. ಅವಳು ಲಲಿತಾಳ ಕೈಗೆ ಸೂಜಿ ಚುಚ್ಚುವಾಗ ಶೇಖರಮ್ಮ ಮೆಲ್ಲಗೆ ಕೇಳಿದಳು:

"ತಂಗೀ, ತಳಕಲ್ಲಿನ ಅಬೇದಾಬಿ ಮಲಗಿದ್ದು ಯಾವ ಮಂಚ?"

ಶಿವಲೀಲಾಳ ಕೈ ಒಂದು ಗಳಿಗೆ ನಿಂತಿತು. "ನೆನಪಿಲ್ಲಮ್ಮ. ಮಂದಿ ಭಾಳ ಬರ್ತಾರ" ಎಂದು ಪಟ್ಟಿ ಅಂಟಿಸಿ ಹೊರಟುಬಿಟ್ಟಳು. ಹೋಗುವಾಗ ಕಿಟಕಿಯ ಕಡೆಯ ಮಂಚವನ್ನು ಒಮ್ಮೆ ನೋಡಿದಳು. ಅದನ್ನು ಶೇಖರಮ್ಮ ಕಂಡಳು. ನೆನಪಿಲ್ಲದವಳಿಗೆ ಕಣ್ಣು ಆ ಕಡೆ ಯಾಕೆ ಹೋಗಬೇಕು?

ಸೋಮವಾರ ಎಚ್ಚರ ತಪ್ಪಿಸುವ ಡಾಕ್ಟರು ಬಂದರು. ದುರಗಪ್ಪ ಹೇಳಿದಂತೆಯೇ ಮೋಟಾರ್ ಸೈಕಲ್, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಚೀಲ. ಶೇಖರಮ್ಮ ಆಪರೇಷನ್ ಕೋಣೆಯ ಬಾಗಿಲೆದುರು ಕಂಬದಂತೆ ಕೂತಳು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಡಾಕ್ಟರು ಹೊರಗೆ ಬಂದು, ತಟ್ಟೆಯಲ್ಲಿ ಗಡ್ಡೆ ತೋರಿಸಿ, "ಎಲ್ಲ ಛಲೋ ಆಗೈತಿ" ಎಂದರು. ಹೆಲ್ಮೆಟ್ಟಿನ ಡಾಕ್ಟರು ಲಲಿತಾಳನ್ನು ಕರೆದು ಕಣ್ಣು ತೆರೆಸಿ, ಮಾತಾಡಿಸಿಯೇ ಹೋದರು. ಶೇಖರಮ್ಮನ ಗಂಟುಗಳಲ್ಲಿ ಒಂದು ಬಿಚ್ಚಿತು. ಉಳಿದವು ಬಿಗಿಯಾದವು.

ಆ ಗಳಿಗೆಯಿಂದ ಅವಳು ಸೂಜಿಯ ಬೆನ್ನು ಹತ್ತಿದಳು. ಶಿವಲೀಲಾ ಔಷಧಿ ತಂದರೆ "ಇದು ಯಾವುದು? ಯಾತಕ್ಕ? ನಿನ್ನೆಯದಾ ಇವತ್ತಿನದಾ?" ಬಾಟಲಿ ಬದಲಿಸಿದರೆ "ಹಳೇದು ಮುಗಿದಿಲ್ಲಲ್ಲ?" ಒಂದು ಸಲ ಅವಳ ಮುಂಗೈಯನ್ನೇ ಹಿಡಿದಳು.

"ಬಿಡ್ರೀ ಅಮ್ಮಾ! ಕೆಳಗ ಬಾಣಂತೇರು ಅದಾರ, ಮ್ಯಾಲ ಎಲುಬು ಮುರಿದವರು ಅದಾರ, ನಡುವ ನೀವು. ಮೂರಕ್ಕೂ ನಾನೊಬ್ಬಾಕಿ. ನಿಮಗ ಒಂದೊಂದು ಸೂಜಿ ಪುರಾಣ ಹೇಳಕೋತ ಕುಂತ್ರ ಮುಗೀತು."

"ಹೇಳಾಕ ಏನು ಅಂಜಿಕಿ?"

ಶಿವಲೀಲಾ ಔಷಧಿಯ ತಟ್ಟೆ ಎತ್ತಿಕೊಂಡು ಹೋದಳು. ಆಮೇಲೆ ಆ ಕೋಣೆಗೆ ಅವಳು ಬರುವುದೇ ಕಡಿಮೆಯಾಯಿತು. ಬಂದರೂ ಹೊಸ್ತಿಲು ದಾಟುತ್ತಿರಲಿಲ್ಲ. ಬಾಗಿಲಲ್ಲಿ ಒಂದು ಕಾಲಿಟ್ಟು ಕೇಳುತ್ತಿದ್ದಳು:

"ಲಲಿತಾ ಅವ್ರ, ಆರಾಮ ಅದೀರಲ್ರೀ?"

"ಆರಾಮ ಅದೀನ್ರಿ."

ಅಷ್ಟೇ, ಮುಂದಿನ ಬಾಗಿಲು. ನರ್ಸು ದೂರ ಉಳಿದದ್ದು ಶೇಖರಮ್ಮನಿಗೆ ಗೆದ್ದಂತೆ ಅನ್ನಿಸಿತು. ಸೂಜಿ ಕಡಿಮೆಯಾದರೆ ಅಪಾಯ ಕಡಿಮೆ ಎಂದು ಅವಳ ಲೆಕ್ಕ.

ಮಂಗಳವಾರ ಬೆಳಿಗ್ಗೆ ಗಂಗಾವತಿಯಿಂದ ಬೀಗರು ಬಂದರು. ದಾರಿಯಲ್ಲಿ ಹುಲಿಗಿಯಲ್ಲಿ ಇಳಿದು ಹುಲಿಗೆಮ್ಮನ ಗುಡಿಯ ಅರಿಶಿನ ಭಂಡಾರ ತಂದಿದ್ದರು. ಮಾವನವರು ಬರುತ್ತಾರೆಂದು ಲಲಿತಾ ಕೌದಿಯನ್ನು ಗಂಟಲತನಕ ಎಳೆದುಕೊಂಡಳು. ಮಂಚದ ಅಂಚಿಗೆ ಮೂತ್ರದ ಚೀಲ ಜೋತಿತ್ತಲ್ಲ, ಗಂಡಸರ ಕಣ್ಣಿಗೆ ಬೀಳಬಾರದೆಂದು ಶೇಖರಮ್ಮ ಕೌದಿಯ ಒಂದು ತುದಿಯನ್ನು ಅದರ ಮೇಲೂ ಇಳಿಬಿಟ್ಟಳು. ಬೀಗತಿ ಸೊಸೆಯ ಹಣೆಗೆ ಭಂಡಾರ ಹಚ್ಚಿ "ಆರಾಮ ಏನವಾ?" ಎಂದರು. ಮಾವ ಬಾಗಿಲಿನಿಂದ "ಆರಾಮಾ?" ಎಂದರು. ಮೈದುನ, ಓರಗಿತ್ತಿ, ಗಿರಣಿಯ ಇಬ್ಬರು ಹಮಾಲರು, ಎಲ್ಲರದೂ ಅದೇ ಮಾತು. ಎಲ್ಲರಿಗೂ ಲಲಿತಾಳದು ಒಂದೇ ಉತ್ತರ, ಮೇಲೆ ಒಂದು ಸಣ್ಣ ನಗು.

"ನನ್ನ ಸೊಸಿ ಭಾಳ ಗಟ್ಟಿ. ಹೊಟ್ಟಿ ಕೊಯ್ದಾರ, ಒಂದು ಹಾಂ ಹೂಂ ಇಲ್ಲ" ಎಂದು ಬೀಗತಿ ಮೆಚ್ಚಿಕೊಂಡರು.

ಶೇಖರಮ್ಮನಿಗೆ ಒಳಗೇ ಹೆಮ್ಮೆ. ಲಲಿತಾ ಚಿಕ್ಕವಳಿದ್ದಾಗಲೂ ಹಾಗೆಯೇ, ಚೇಳು ಕಡಿದರೂ ಬಂದ ನೆಂಟರ ಮುಂದೆ ತುಟಿ ಬಿಚ್ಚಿರಲಿಲ್ಲ. ಮೊದಲ ಹೆರಿಗೆಯಲ್ಲಿ ಸೆರಗು ಕಚ್ಚಿ ಹಡೆದಳು. ಆಯಾ ಬಂದು ಹೊಗಳಿ ಹೋಗಿದ್ದಳು. ನೋವು ಬಾಯಿಬಿಟ್ಟರೆ ನೋವು ಬೆಳೆಯುತ್ತದೆ, ಮಂದಿಯ ಮುಂದೆ ಬಿಟ್ಟರೆ ಮಾನವೂ ಹೋಗುತ್ತದೆ ಎಂದು ಶೇಖರಮ್ಮನಿಗೆ ಅವಳ ತಾಯಿ ಹೇಳಿದ್ದಳು, ಅವಳು ಮಗಳಿಗೆ ಹೇಳಿದ್ದಳು.

ಬೀಗರು ಹೊರಗೆ ಕೂರಲು ಹಾಕಿದ ಬಾಕಿನ ಮೇಲೆ ಬುತ್ತಿ ಬಿಚ್ಚಿದರು. ಮಧ್ಯಾಹ್ನ ಶಿವಲೀಲಾ ಬಾಗಿಲಲ್ಲಿ ಬಂದು ಕೇಳಿ, ಉತ್ತರ ತೆಗೆದುಕೊಂಡು ಹೋದಳು. ಆಗ ಜಿಲಾನಿ ಬಂದ. ದವಾಖಾನೆಯ ಮೇಲೆ ದೂರು ಕೊಡಬೇಕೆಂದು ವಕೀಲರನ್ನು ನೋಡಲು ಮಗಳೊಂದಿಗೆ ಕೊಪ್ಪಳಕ್ಕೆ ಬಂದಿದ್ದನಂತೆ. ಹೆಂಗಸರ ಕೋಣೆ, ಅವನು ಮೆಟ್ಟಿಲ ಹತ್ತಿರವೇ ನಿಂತ. ಜಾಸ್ಮೀನ ಒಳಗೆ ಬಂದಳು. ಬಂದವಳು ಕಿಟಕಿಯ ಕಡೆಯ ಮಂಚ ನೋಡಿ ಗಕ್ಕನೆ ನಿಂತಳು. ಆಮೇಲೆ ಆ ಕಡೆ ಬೆನ್ನು ಹಾಕಿ ಲಲಿತಾಳ ಕಾಲ ಬಳಿ ಕೂತಳು.

"ಅಕ್ಕಾ, ಆರಾಮ ಅದೀ?"

"ಆರಾಮ ಅದೀನಿ ಜಾಸ್ಮೀನ. ನೀ ಹೆಂಗದಿ? ಕಾಲೇಜಿಗೆ ಹೊಂಟೀಯಿಲ್ಲ?" ಲಲಿತಾ ನಕ್ಕಳು. ನಕ್ಕು ತುಟಿ ನೆಕ್ಕಿಕೊಂಡಳು. "ಯವ್ವಾ, ಒಂದು ಚಮಚ ನೀರು ಕೊಡು."

"ಈಗಷ್ಟೇ ಕೊಟ್ಟೆನಲ್ಲ?"

"ಬಾಯಿ ಆರಿದಂಗ ಆಗೈತಿ. ಥಂಡಿನೂ ಆಗ್ತೈತಿ, ಕೌದಿ ಸ್ವಲ್ಪ ಮ್ಯಾಲ ಎಳಿ."

ಜಾಸ್ಮೀನಳ ಕೈ ಕೌದಿಯ ಕೆಂಪು ಹಲ್ಲಿನ ಮೇಲಿತ್ತು. ತಾಯಿಯ ಹೊಲಿಗೆಯನ್ನು ಅವಳು ಗುರುತು ಹಿಡಿದಿದ್ದಳು. ಹಲ್ಲು ಹಲ್ಲನ್ನೇ ಸವರುತ್ತಿದ್ದ ಬೆರಳು ನಿಂತಿತು.

"ದೊಡ್ಡವ್ವಾ" ಎಂದಳು. "ಅಮ್ಮೀನೂ ಹಿಂಗ ಅಂದ್ಲು."

"ಏನಂದ್ಲು?"

"ನೀರು ಅಂದ್ಲು. ಥಂಡಿ ಅಂದ್ಲು. ನಾ ಕೌದಿ ಹೊಚ್ಚಿದ್ನಿ. ಸಂಜೀಕೆ ನರ್ಸ್ ಬಂದು ಬಾಗಲಾಗ ನಿಂತು ಕೇಳಿದ್ರು, ಅಮ್ಮಿ ನಕ್ಕು ಆರಾಮ ರೀ ಅಂದ್ಲು. ಅವರು ಅತ್ತ ಹೋದ ಕೂಡ್ಲೇ ಮಂಚದ ಸರಳು ಹಿಡಕೊಂಡ್ಲು, ಕೈ ಬೆಳ್ಳಗಾಗೂಹಂಗ. ಕರೀಲೇನಮ್ಮಿ ಅಂದ್ರ ಬ್ಯಾಡ ಅಂದ್ಲು. ಪಾಪ ಆ ಹುಡುಗಿ ಓಡ್ಯಾಡಿ ಸತ್ತಾಳ, ನಿಮ್ಮಪ್ಪ ಗಾಬರಿ ಆಗ್ತಾನ, ಸುಮ್ನ ಮಲಗು ಅಂದ್ಲು."

"ಇದನ್ನ ನಿಮ್ಮಪ್ಪಗ ಹೇಳಿಲ್ಲೇನು?"

"ಅಬ್ಬಾ ಯಾವ ಸೂಜಿ ಅಂತ ಕೇಳ್ತಾನ. ಅಮ್ಮಿ ಹೆಂಗಿದ್ಲು ಅಂತ ಯಾರೂ ಕೇಳೇ ಇಲ್ಲ, ದೊಡ್ಡವ್ವಾ."

ಎರಡು ದಿನದಿಂದ ಶೇಖರಮ್ಮ ಬಾಟಲಿ ನೋಡಿದ್ದಳು, ಸೂಜಿ ನೋಡಿದ್ದಳು, ಡಾಕ್ಟರ ಕಣ್ಣು, ನರ್ಸಿನ ಕೈ, ಕಸ ಹೊಡೆಯುವವಳ ಬಕೀಟು ನೋಡಿದ್ದಳು. ಎಲ್ಲರ ಮೇಲೂ ಅನುಮಾನ ಪಟ್ಟವಳು ಮಗಳ ಮಾತೊಂದನ್ನು ಮಾತ್ರ ನಂಬಿದ್ದಳು. ಈಗ ಮಗಳ ಮುಖ ನೋಡಿದಳು. ಭಂಡಾರದ ಕೆಳಗೆ ಹಣೆ ಒದ್ದೆಯಾಗಿತ್ತು. ಭಂಡಾರ ಹಚ್ಚಿದ ಜಾಗ ಬಿಟ್ಟರೆ ಉಳಿದ ಮುಖಕ್ಕೆ ಬಣ್ಣವೇ ಇರಲಿಲ್ಲ. ಕೌದಿಯೊಳಗೆ ಕೈ ಹಾಕಿ ಅಂಗೈ ಹಿಡಿದಳು. ಕೊಡದ ನೀರಿನಂತೆ ತಣ್ಣಗಿತ್ತು.

ಕೌದಿಯನ್ನು ಒಂದೇ ಸೆಳೆತಕ್ಕೆ ಕಿತ್ತು ತೆಗೆದಳು.

"ಯವ್ವಾ, ಏನ್ಮಾಡ್ತಿ? ಮಾವಾರು ಹೊರಗ ಅದಾರ" ಎಂದು ಲಲಿತಾ ಕೈ ಚಾಚಿದಳು. ಕೈ ಅರ್ಧ ದಾರಿಯಲ್ಲೇ ಬಿತ್ತು. ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಅಂಚಿಗೆ ಜೋತ ಚೀಲದಲ್ಲಿ ಮೂತ್ರ ಬೆಳಿಗ್ಗೆ ಇದ್ದಷ್ಟೇ ಇತ್ತು, ಒಂದು ಹನಿಯೂ ಹೆಚ್ಚಿರಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಶೇಖರಮ್ಮನ ಏರಿದ ದನಿ ಓಣಿಯವರು ಕೇಳಿರಲಿಲ್ಲ. ಅವತ್ತು ಕೊಪ್ಪಳದ ದವಾಖಾನೆಯ ಮೂರೂ ಅಂತಸ್ತು ಕೇಳಿತು.

"ಬರ್ರೋ ಯಾರರೆ! ನನ್ನ ಮಗಳು ಆರಾಮ ಇಲ್ಲ! ಆರಾಮ ಇಲ್ಲ ಆಕಿ!"

ಬಾಕಿನ ಮೇಲೆ ರೊಟ್ಟಿ ಮುರಿಯುತ್ತಿದ್ದ ಬೀಗರು ಎದ್ದುಬಿಟ್ಟರು. ಕೊಟ್ರೇಶ ಓಡಿ ಬಂದ. "ಅತ್ತಿ, ಮಂದಿ ನೋಡಾಕ ಹತ್ಯಾರ! ಈಗಷ್ಟೇ ಸಿಸ್ಟರ್ ಕೇಳಿ ಹೋದ್ರು, ಆಕೀನ ಆರಾಮ ಅಂದ್ಲಲ್ಲ?"

"ಆಕಿ ಅಂತಾಳಪ್ಪ. ಸಾಯೋತನಕ ಅಂತಾಳ."

ಶಿವಲೀಲಾ ಬಂದಳು. ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮತ್ತೇನಮ್ಮಾ? ಈಗ ಯಾವ ಸೂಜಿ ಪಂಚಾಯ್ತಿ?"

"ಸೂಜಿ ಬ್ಯಾಡ ತಂಗಿ. ನಿನ್ನ ಕಾಲು ಹಿಡೀತೀನಿ. ಒಳಗ ಬಾ. ಆಕೀನ ಏನೂ ಕೇಳಬ್ಯಾಡ. ಮುಟ್ಟಿ ನೋಡು."

ಶಿವಲೀಲಾ ಒಳಗೆ ಬಂದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಇಟ್ಟ ಬೆರಳು ಜಾಗ ಬದಲಿಸಿತು, ಮತ್ತೆ ಬದಲಿಸಿತು. ಮಂಚದ ಕಾಲ ಕಡೆಯನ್ನು ಎತ್ತಿ ಕೊಟ್ರೇಶನ ಕೈಗೆ ಕೊಟ್ಟು, "ಹಿಂಗ ಹಿಡಕೊಂಡು ನಿಂದರ್ರಿ, ಬಿಡಬ್ಯಾಡ್ರಿ" ಎಂದು ಓಡಿದಳು.

ಆಮೇಲಿನದು ಶೇಖರಮ್ಮನಿಗೆ ತುಂಡು ತುಂಡಾಗಿ ನೆನಪಿದೆ. ದೊಡ್ಡ ಡಾಕ್ಟರು ಉಣ್ಣುವ ಕೈಯಲ್ಲೇ ಬಂದದ್ದು. ಒಳಗೆ ರಕ್ತ ಸೋರಿದೆ, ಮತ್ತೆ ಹೊಟ್ಟೆ ತೆರೆಯಬೇಕು ಎಂದದ್ದು. ಕೊಟ್ರೇಶ ರಕ್ತದ ಚೀಲ ತರಲು ಚಪ್ಪಲಿ ಬಿಟ್ಟು ಓಡಿದ್ದು. ಬೀಗತಿ ಕೈಯಲ್ಲಿ ಮುರಿದ ರೊಟ್ಟಿ ಹಿಡಿದುಕೊಂಡೇ "ತಾಯಿ ಹುಲಿಗೆಮ್ಮಾ" ಅನ್ನುತ್ತಿದ್ದದ್ದು. ಎಲ್ಲ ಸಿದ್ಧವಾಯಿತು, ಎಚ್ಚರ ತಪ್ಪಿಸುವ ಡಾಕ್ಟರು ಮಾತ್ರ ಇರಲಿಲ್ಲ. ಅವರು ಕುಷ್ಟಗಿಯಲ್ಲಿ ಇನ್ನೊಬ್ಬರನ್ನು ಮಲಗಿಸಿದ್ದರು. ಆ ರೋಗಿಗೆ ಎಚ್ಚರವಾಗದೆ ಬಿಟ್ಟು ಬರುವಂತಿಲ್ಲ.

ದುರಗಪ್ಪ ಹೇಳಿದ್ದು ಅರ್ಧ ಸುಳ್ಳು, ಅರ್ಧ ನಿಜ ಎಂದು ಶೇಖರಮ್ಮನಿಗೆ ಆಗ ತಿಳಿಯಿತು. ಎಬ್ಬಿಸದೆ ಹೋಗುವ ಮನುಷ್ಯ ಅವನಲ್ಲ. ಎಬ್ಬಿಸಿಯೇ ಬರುತ್ತಾನೆ, ಅದಕ್ಕೇ ತಡ. ಅಲ್ಲಿ ಯಾರ ಮಗಳಿಗೋ ಎಚ್ಚರವಾಗಲಿ ಎಂದು ಇಲ್ಲಿ ಇವಳು ಹರಕೆ ಹೊತ್ತಳು. ಮೂರು ಊರಿಗೆ ಒಬ್ಬನನ್ನೇ ಇಟ್ಟವರು ಯಾರು ಎಂಬ ಹೊಸ ಗಂಟೊಂದು ಸೆರಗಿಗೆ ಬಿತ್ತು.

ಜಿಲಾನಿ ಬಂದು ಪಕ್ಕದಲ್ಲಿ ನಿಂತ. ಅವನ ಕಣ್ಣು ಕೆಂಡವಾಗಿದ್ದವು.

"ನೋಡಿದೇನಕ್ಕಾ? ನಾ ಏನಂದಿದ್ನಿ? ಮತ್ತ ಹಂಗ ಮಾಡ್ಯಾರ. ಇದರ ಮ್ಯಾಲ ಇನ್ನೇನು ಸಾಕ್ಷಿ ಬೇಕು?"

ಶೇಖರಮ್ಮ ಅವನ ಹಿಂದೆ ನಿಂತ ಜಾಸ್ಮೀನಳನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿದ್ದಳು. "ಮೊದಲು ಇವಳು ಉಳೀಲಿ ಜಿಲಾನಿ" ಎಂದಳಷ್ಟೇ.

ಮೋಟಾರ್ ಸೈಕಲ್ಲಿನ ಸದ್ದಾದಾಗ ಹೊರಗೆ ನೆರಳು ಉದ್ದವಾಗಿತ್ತು. ಆ ಡಾಕ್ಟರು ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಮೆಟ್ಟಿಲು ಹತ್ತಿದರು. ಬಾಗಿಲು ಮುಚ್ಚಿತು. ಮತ್ತೆ ತೆರೆದಾಗ ಬೀದಿಯ ದೀಪ ಹತ್ತಿದ್ದವು.

"ಉಳಿದಾಳ" ಎಂದರು ದೊಡ್ಡ ಡಾಕ್ಟರು, ಗೋಡೆಗೆ ಒರಗಿ. "ಒಂದು ರಕ್ತನಾಳದ ಗಂಟು ಜಾರಿತ್ತು. ಹಂಗ ಆಗ್ತೈತಿ ಒಮ್ಮೊಮ್ಮೆ. ಇನ್ನೂ ತಡ ಆಗಿದ್ರ ನನ್ನ ಕೈಯಾಗ ಇರಲಿಲ್ಲ."

ಕೊಟ್ರೇಶ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಬೀಗತಿ ಅಳತೊಡಗಿದರು. ಜಿಲಾನಿ ಮುಂದೆ ಬಂದ.

"ಹಂಗ ಆಗ್ತೈತಿ ಅಂದ್ರ? ನಮ್ಮಾಕಿಗೂ ಹಂಗ ಆಗಿತ್ತೇನ್ರಿ?"

ಡಾಕ್ಟರು ಅವನನ್ನು ಗುರುತಿಸಿದರು. ಮಾತು ಗಟ್ಟಿಯಾಯಿತು. "ಅದು ಬ್ಯಾರೆ ಕೇಸು. ಅದಕ್ಕೂ ಇದಕ್ಕೂ ಜೋಡಿಸಬ್ಯಾಡ್ರಿ."

"ಯಾವ ಸೂಜಿ ಮಾಡಿದ್ರಿ? ಅದನ್ನರೆ ಹೇಳ್ರಿ!"

ಶೇಖರಮ್ಮ ಜಿಲಾನಿಯ ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು, ಆದರೂ ಮಾತು ಎಲ್ಲರಿಗೂ ಕೇಳಿತು.

"ಸೂಜಿ ಬಿಡು. ಸಾಹೇಬ್ರ, ನಾ ಕಲಿತಾಕಿ ಅಲ್ಲ. ನಿಮ್ಮ ಕೈ ಛಲೋ ಇರಬೇಕು, ಇಲ್ಲ ಅನ್ನಂಗಿಲ್ಲ. ಒಂದು ಹೇಳ್ರಿ. ಹಿಂದಿನ ದಿನ ಸಂಜೀಕೆ ಅಬೇದಾಬೀನ ಯಾರು ಮುಟ್ಟಿ ನೋಡಿದ್ರು?"

ಡಾಕ್ಟರ ಕಣ್ಣು ಹಿಂದೆ ನಿಂತಿದ್ದ ಶಿವಲೀಲಾಳ ಕಡೆ ಹೋಯಿತು. ಶಿವಲೀಲಾ ಗೋಡೆ ನೋಡುತ್ತಿದ್ದಳು. ನೋಡುತ್ತಲೇ ಹೇಳಿದಳು:

"ಮುಟ್ಟಿಲ್ರಿ. ಮೂರೂ ಕಡೆ ನಾನೊಬ್ಬಾಕಿ. ಬಾಗಲಾಗ ನಿಂತು ಕೇಳಿದ್ನಿ. ಆರಾಮ ಅಂದ್ರು. ಕೌದಿ ಹೊದ್ದಿದ್ರು. ಇನ್ನೊಬ್ಬಾಕಿನ ಕೊಡ್ರಿ ಅಂತ ನಾ ಎಷ್ಟು ಸಲ…"

"ಶಿವಲೀಲಾ, ಒಳಗ ನಡಿ. ಪೇಶಂಟ್ ನೋಡ್ಕೋ" ಎಂದರು ಡಾಕ್ಟರು.

ಮಾತು ಅಲ್ಲಿಗೆ ಕತ್ತರಿಸಿತು. ಡಾಕ್ಟರು ಇವತ್ತೂ ಮುಖ ತಿರುವಿದರು. ಈ ಸಲ ಯಾಕೆ ತಿರುವಿದರೆಂದು ಶೇಖರಮ್ಮನಿಗೆ ಗೊತ್ತಿತ್ತು.

ಜಿಲಾನಿ ನಿಂತಲ್ಲೇ ನಿಂತಿದ್ದ. ಇಷ್ಟು ದಿನ ಹಿಡಿದುಕೊಂಡ ಪ್ರಶ್ನೆಯನ್ನು ಯಾರೋ ಕೈಯಿಂದ ಕಸಿದು ಬೇರೊಂದು ಕೊಟ್ಟಂತೆ ಅವನ ಮುಖವಿತ್ತು. ಜಾಸ್ಮೀನ ಅವನ ಅಂಗಿ ಜಗ್ಗಿದಳು.

"ಅಬ್ಬಾ, ವಕೀಲರ ಹತ್ರ ನಾಳೆ ಹೋಗೂಣು. ಇವತ್ತು ನನ್ನ ಕೇಳು. ಅಲ್ಲಿ ನಾ ಇದ್ನಿ."

ತಂದೆ ಮಗಳು ಮೆಟ್ಟಿಲ ಮೇಲೆ ಕೂತರು. ಅವಳು ಹೇಳುತ್ತಾ ಹೋದಳು. ಜಿಲಾನಿ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಒಮ್ಮೆ ಮಗಳ ತಲೆಯ ಮೇಲೆ ಕೈಯಿಟ್ಟ, ತೆಗೆಯಲಿಲ್ಲ. ಶೇಖರಮ್ಮ ಆ ಕಡೆ ಬೆನ್ನು ಮಾಡಿ ಕೂತಳು.

ಮರುದಿನ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಂದಿತ್ತು. ಶೇಖರಮ್ಮ ಕೌದಿಯನ್ನು ಮಡಚಿ ಮಗಳ ಮೊಣಕಾಲಿನಿಂದ ಕೆಳಗೆ ಮಾತ್ರ ಹೊದಿಸಿದ್ದಳು. ಮೂತ್ರದ ಚೀಲ ಎಲ್ಲರಿಗೂ ಕಾಣುತ್ತಿತ್ತು. "ಮಾವಾರು ಬರ್ತಾರ, ಅದನ್ನರೆ ಮುಚ್ಚಬಾರದೇನ್ರಿ?" ಎಂದು ಬೀಗತಿ ಮೆಲ್ಲಗೆ ಅಂದರು.

"ಅವರು ಆ ಕಡೆ ನೋಡ್ಲಿ ಬಿಡ್ರಿ" ಎಂದಳು ಶೇಖರಮ್ಮ.

ಶಿವಲೀಲಾ ಬಂದಳು. ರೂಢಿಯಂತೆ ಕಾಲು ಹೊಸ್ತಿಲಲ್ಲೇ ನಿಂತಿತು, ಬಾಯಿಯೂ ತೆರೆಯಿತು.

"ಲಲಿತಾ ಅವ್ರ, ಆರಾ…"

ಲಲಿತಾಳ ತುಟಿಯ ಮೇಲೆ ಆ ಸಣ್ಣ ನಗು ಆಗಲೇ ಎದ್ದಿತ್ತು. ತಾಯಿಯ ಕಣ್ಣಿಗೆ ಕಣ್ಣು ತಾಗಿದ್ದೇ ನಗು ಆರಿತು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಲಲಿತಾ ಅವರನ್ನೊಮ್ಮೆ ನೋಡಿ, ಬಾಗಿಲ ಕಡೆ ತಿರುಗಿದಳು.

"ಇಲ್ರಿ. ಎಡಕ್ಕ ಭಾಳ ನೋಯಾಕ ಹತ್ತೈತಿ. ಒಳಗ ಬರ್ರಿ."

ಶಿವಲೀಲಾ ಹೊಸ್ತಿಲು ದಾಟಿದಳು. ಶೇಖರಮ್ಮ ಅವಳ ಕೈಯಲ್ಲಿ ಸೂಜಿ ಇದೆಯೋ ಇಲ್ಲವೋ ನೋಡಲಿಲ್ಲ. ಬೆರಳು ಮಗಳ ಮಣಿಕಟ್ಟನ್ನು ಮುಟ್ಟುವತನಕ ಆ ಬೆರಳನ್ನೇ ನೋಡಿದಳು. ಮುಟ್ಟಿದ ಮೇಲೂ, ನಾಡಿ ಸಿಕ್ಕಿತೋ ಇಲ್ಲವೋ ಎಂದು ಅವಳ ಮುಖ ನೋಡಿದಳು.